ನನ್ನ ಕೋಡ್ ಸೇರಿಸಿ ಕಂಪನಿ ಮಾರುತ್ತಿದೆ, ನಾನು ಹಣ ಕೇಳಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವನು. ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು) ಟೈಪ್ ಮಾಡಿದ ಕನ್ನಡ ಪಠ್ಯವನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸುವ ಪೈಥಾನ್ ಲೈಬ್ರರಿಯೊಂದನ್ನು (ಬೇರೆ ತಂತ್ರಾಂಶಗಳೊಳಗೆ ಸೇರಿಸಿ ಬಳಸುವ ಸಿದ್ಧ ಕೋಡ್) ಬಿಡುವಿನಲ್ಲಿ ಬರೆದು, ನಾಲ್ಕು ವರ್ಷದ ಹಿಂದೆ ಎಂಐಟಿ ಲೈಸೆನ್ಸ್ ಅಡಿ ಬಿಡುಗಡೆ ಮಾಡಿದೆ. ಈಗ ಬೇರೊಂದು ಕಂಪನಿ ಅದನ್ನು ತನ್ನ ತಂತ್ರಾಂಶದೊಳಗೆ ಸೇರಿಸಿ ಪ್ರಕಾಶಕರಿಗೂ ಪತ್ರಿಕಾ ಕಚೇರಿಗಳಿಗೂ ವರ್ಷದ ಬಾಡಿಗೆ ಲೆಕ್ಕದಲ್ಲಿ ಮಾರುತ್ತಿದೆ. ಅವರ ಎಂಜಿನಿಯರ್‌ಗಳು ವಾರಕ್ಕೆರಡು ದೋಷ ವರದಿ ಹಾಕಿ ‘ಅರ್ಜೆಂಟ್, ಕಸ್ಟಮರ್ ಕಾಯ್ತಿದ್ದಾರೆ’ ಎನ್ನುತ್ತಾರೆ. ಎಷ್ಟೋ ರಾತ್ರಿ ಕೂತು ಸರಿಮಾಡಿ ಕೊಟ್ಟಿದ್ದೇನೆ. ಒಮ್ಮೆ ಹಣದ ಮಾತೆತ್ತಿದ್ದಕ್ಕೆ ‘ನೀವೇ ಫ್ರೀ ಅಂತ ಕೊಟ್ಟಿದ್ದೀರಲ್ಲ ಸರ್’ ಎಂದರು. ಒಬ್ಬ ಸ್ನೇಹಿತ ‘ವಾಣಿಜ್ಯ ಬಳಕೆಗೆ ಇಲ್ಲ ಅಂತ ಲೈಸೆನ್ಸ್ ಬದಲಾಯಿಸು’ ಎನ್ನುತ್ತಾನೆ. ಇನ್ನೊಬ್ಬ ‘ದುಡ್ಡು ಕೇಳಿದರೆ ಮುಕ್ತ ತಂತ್ರಾಂಶದ ತತ್ವಕ್ಕೇ ವಿರುದ್ಧ’ ಎನ್ನುತ್ತಾನೆ. ಮತ್ತೊಬ್ಬ ‘ಎಲ್ಲ ಅಳಿಸಿಹಾಕು, ಆಗ ಬುದ್ಧಿ ಬರುತ್ತೆ’ ಎನ್ನುತ್ತಾನೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸಿಕ್ಕುಬಿದ್ದಿವೆ. ಬರೆದು ಮುಗಿಸಿದ ಕೋಡನ್ನು ಕಂಪನಿ ಬಳಸುತ್ತಿರುವುದಕ್ಕೆ ಹಣ ಕೇಳಬಹುದೇ ಎಂಬುದು ಒಂದು. ವಾರ ವಾರ ಅವರಿಗಾಗಿ ಮಾಡುತ್ತಿರುವ ಕೆಲಸಕ್ಕೆ ಹಣ ಕೇಳಬಹುದೇ ಎಂಬುದು ಇನ್ನೊಂದು. ಮೊದಲನೆಯದನ್ನು ಹಕ್ಕಿನಿಂದ ಕೇಳಲು ಬರುವುದಿಲ್ಲ, ಆ ಅನುಮತಿಯನ್ನು ನೀವೇ ಬರೆದು ಕೊಟ್ಟಾಗಿದೆ. ಎರಡನೆಯದನ್ನು ಖಂಡಿತ ಕೇಳಬಹುದು, ಕೇಳಲೇಬೇಕು. ಕಂಪನಿಯವರು ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಹೇಳಿ ನಿಮ್ಮನ್ನು ಸುಮ್ಮನಾಗಿಸಿದ್ದಾರೆ.

ಎಂಐಟಿ ಲೈಸೆನ್ಸ್ ಒಂದು ಪುಟವೂ ಇಲ್ಲ, ಇನ್ನೊಮ್ಮೆ ಓದಿ. ಬಳಸಬಹುದು, ನಕಲಿಸಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು ಎಂದು ಮೊದಲ ಪ್ಯಾರಾ ಹೇಳುತ್ತದೆ. ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಪ್ರತಿಯೊಂದು ಪ್ರತಿಯ ಜೊತೆಗೂ ಹೋಗಬೇಕು ಎಂಬ ಒಂದೇ ಷರತ್ತು ಎರಡನೆಯದರಲ್ಲಿದೆ. ದೊಡ್ಡಕ್ಷರಗಳಲ್ಲಿರುವ ಕೊನೆಯ ಪ್ಯಾರಾವನ್ನು ಯಾರೂ ಓದುವುದಿಲ್ಲ, ನಿಮಗೆ ಬೇಕಾದದ್ದು ಅಲ್ಲೇ ಇದೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದೆ, ಯಾವ ಭರವಸೆಯೂ ಇಲ್ಲ, ನಷ್ಟವಾದರೆ ಬರೆದವರು ಹೊಣೆಯಲ್ಲ. ದೋಷ ಸರಿಪಡಿಸಿಕೊಡುತ್ತೇನೆ ಎಂದು ನೀವು ಎಲ್ಲೂ ಒಪ್ಪಿಲ್ಲ. ‘ಅರ್ಜೆಂಟ್’ ಎಂಬ ಪದಕ್ಕೆ ಆ ಲೈಸೆನ್ಸಿನಲ್ಲಿ ಜಾಗವೇ ಇಲ್ಲ. ಅವರಿಗೆ ಸಿಕ್ಕಿರುವುದು ಕೋಡ್. ನಿಮ್ಮ ರಾತ್ರಿಗಳು ಅದರಲ್ಲಿ ಸೇರಿಲ್ಲ.

ತತ್ವದ ಮಾತು

ಹಣ ಕೇಳುವುದು ತತ್ವಕ್ಕೆ ವಿರುದ್ಧ ಎಂಬ ಸ್ನೇಹಿತರ ಮಾತು ತಪ್ಪು ತಿಳಿವಳಿಕೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದದೊಳಗೆ ಎರಡು ಅರ್ಥ ಕೂತಿರುವುದರಿಂದ ಹುಟ್ಟಿದ ಗೊಂದಲ ಅದು. ನಮಗೆ ಆ ತೊಂದರೆ ಇರಬೇಕಾಗಿಲ್ಲ. ಕನ್ನಡದಲ್ಲಿ ಮುಕ್ತ ಬೇರೆ, ಪುಕ್ಕಟೆ ಬೇರೆ. ಮುಕ್ತ ತಂತ್ರಾಂಶ ಚಳವಳಿಯನ್ನು ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರ್‌ಗೆ ಮಾರಿ ಜೀವನ ನಡೆಸಿದರು. ಪ್ರತಿ ಹಂಚುವಾಗ ಎಷ್ಟು ಬೇಕಾದರೂ ಬೆಲೆ ಹಾಕಬಹುದು, ಹಾಕದೆಯೂ ಇರಬಹುದು ಎಂದು ಜಿಪಿಎಲ್ (ತನ್ನ ಕೋಡನ್ನು ಸೇರಿಸಿ ಹಂಚುವವರು ತಮ್ಮದನ್ನೂ ತೆರೆದಿಡಬೇಕು ಎನ್ನುವ ಮುಕ್ತ ಲೈಸೆನ್ಸ್) ಮೂರನೇ ಆವೃತ್ತಿಯ 4ನೇ ಕಲಮಿನಲ್ಲೇ ಬರೆದಿದೆ. ತತ್ವ ತಡೆಯುವುದು ಬೇರೆಯದನ್ನು: ಒಮ್ಮೆ ಪ್ರತಿ ಪಡೆದವರು ಅದನ್ನು ಯಾವ ಉದ್ದೇಶಕ್ಕೆ ಬಳಸಬೇಕು ಎಂದು ನೀವು ಕಟ್ಟುಹಾಕುವಂತಿಲ್ಲ. ಯಾವ ಲೈಸೆನ್ಸ್ ಮುಕ್ತ ಎಂದು ಅಳೆಯುವ ಓಪನ್ ಸೋರ್ಸ್ ವ್ಯಾಖ್ಯಾನದ ಆರನೇ ಅಂಶವೂ ಇದನ್ನೇ ಹೇಳುತ್ತದೆ, ವ್ಯಾಪಾರಕ್ಕೆ ಬಳಸಬೇಡಿ ಎನ್ನುವಂತಿಲ್ಲ.

ಹತ್ತಿರದ ಉದಾಹರಣೆ ಬೇಕಿದ್ದರೆ ನಿಮ್ಮ ಆಂಡ್ರಾಯ್ಡ್ ಫೋನನ್ನೇ ನೋಡಿ. ಅದರಲ್ಲಿ ‘ರಾಷ್ಟ್ರ’ ಎಂಬ ಪದ ಕಾಣಿಸುವಾಗ ಷಕಾರದ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇದೆ. ಬಳಸುವವರು ಯಾರೂ ಅದಕ್ಕೆ ಬಾಡಿಗೆ ಕೊಡುವುದಿಲ್ಲ. ಆದರೆ ಅದನ್ನು ಬರೆದು ಬೆಳೆಸಿದ ಕೆಲಸದ ದೊಡ್ಡ ಪಾಲು ರೆಡ್‌ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಸಂಬಳದಲ್ಲೇ ನಡೆದಿದೆ. ಕೋಡ್ ಮುಕ್ತವಾಗಿಯೇ ಉಳಿಯಿತು, ಬರೆದವರಿಗೆ ಊಟಕ್ಕೂ ಸಿಕ್ಕಿತು.

ನಮ್ಮ ಕೆರೆಗಳ ಹಳೆಯ ವ್ಯವಸ್ಥೆ ಇದಕ್ಕೆ ಹತ್ತಿರದ್ದು. ಕೆರೆಯ ನೀರನ್ನು ಕೊಡಕ್ಕಿಷ್ಟು ಎಂದು ಯಾರೂ ಮಾರುತ್ತಿರಲಿಲ್ಲ. ಆದರೆ ತೂಬು ತೆಗೆದು ಮುಚ್ಚಿ, ಗದ್ದೆ ಗದ್ದೆಗೆ ನೀರು ಹಾಯಿಸುವ ನೀರುಗಂಟಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ಕುಡಿಯಲು ಒಂದು ಬಿಂದಿಗೆ ಒಯ್ದವರನ್ನು ಯಾರೂ ಕೇಳುತ್ತಿರಲಿಲ್ಲ. ಗದ್ದೆ ಬೆಳೆದವರು ಕೊಡುತ್ತಿದ್ದರು. ನಿಮ್ಮ ಲೈಬ್ರರಿಯಿಂದ ಅಜ್ಜನ ಡೈರಿಯನ್ನು ಯೂನಿಕೋಡ್‌ಗೆ ಬದಲಿಸಿಕೊಂಡ ವಿದ್ಯಾರ್ಥಿ ಬಿಂದಿಗೆ ಒಯ್ದವನು. ಈ ಕಂಪನಿ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡಿದೆ.

ಕಂಪನಿಗಳು ಯಾಕೆ ಕೊಡುವುದಿಲ್ಲ?

ದುರಾಸೆಯಿಂದ ಎನ್ನುವುದು ಸುಲಭ, ಅದು ಅರ್ಧ ನಿಜ. ಉಳಿದರ್ಧ ಕಚೇರಿಯ ರಚನೆಯಲ್ಲಿದೆ. ಕಂಪನಿಯ ಎಂಜಿನಿಯರ್ ಒಂದು ಸಾಲಿನ ಆದೇಶ ಕೊಟ್ಟು ನಿಮ್ಮ ಲೈಬ್ರರಿಯನ್ನು ಇಳಿಸಿಕೊಳ್ಳುತ್ತಾನೆ. ಖರೀದಿ ವಿಭಾಗಕ್ಕೆ ಅದು ಗೊತ್ತೇ ಆಗುವುದಿಲ್ಲ. ನೀವು ಅವರ ವೆಂಡರ್ ಪಟ್ಟಿಯಲ್ಲಿ ಇಲ್ಲ, ಪರ್ಚೇಸ್ ಆರ್ಡರ್ ಇಲ್ಲ, ಬಿಲ್ ಇಲ್ಲ. ಬಿಲ್ ಇಲ್ಲದ ಕಡೆ ಅಕೌಂಟ್ಸ್‌ನವರಿಗೆ ಒಂದು ರೂಪಾಯಿ ಕೊಡಲೂ ದಾರಿಯಿಲ್ಲ. ‘ದಯವಿಟ್ಟು ಸಹಾಯ ಮಾಡಿ’ ಎಂಬ ಮನವಿ ಓದಿ ಎಂಜಿನಿಯರ್‌ನ ಮನಸ್ಸು ಕರಗಬಹುದು, ಆದರೆ ಅವನ ಕೈಯಲ್ಲಿ ದುಡ್ಡಿಲ್ಲ. ದುಡ್ಡಿರುವ ಮ್ಯಾನೇಜರ್‌ಗೆ ದಾನದ ಖಾತೆಯಿಲ್ಲ, ಸೇವೆ ಕೊಳ್ಳುವ ಖಾತೆ ಇದೆ.

ಹೀಗೆ ಯಾರೂ ಕೊಡದೇ ಹೋದಾಗ ಏನಾಗುತ್ತದೆ ಎಂಬುದನ್ನು ಜಗತ್ತು ಮತ್ತೆ ಮತ್ತೆ ನೋಡಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಬ್ಯಾಂಕುಗಳಿಂದ ಅಂಗಡಿಗಳವರೆಗೆ ಅಂತರಜಾಲದ ಬೀಗವೇ ಆಗಿದ್ದ ಆ ತಂತ್ರಾಂಶಕ್ಕೆ ಅಲ್ಲಿಯವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. 2021ರ ಡಿಸೆಂಬರ್‌ನಲ್ಲಿ ತಂತ್ರಾಂಶಗಳ ಚಟುವಟಿಕೆ ದಾಖಲಿಸುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೋಷ ಬಂದಾಗ ಹಗಲುರಾತ್ರಿ ಕೂತು ಸರಿಪಡಿಸಿದವರು ಸ್ವಯಂಸೇವಕರು.

ನೀವು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 2024ರ ಮಾರ್ಚ್‌ನ ಎಕ್ಸ್‌ಝಡ್ ಪ್ರಕರಣ. ಕಡತಗಳ ಗಾತ್ರ ಕುಗ್ಗಿಸುವ ಈ ತಂತ್ರಾಂಶವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಒಬ್ಬರು ದಣಿದಿದ್ದರು. ‘ತಡ ಮಾಡುತ್ತೀರಿ, ಬೇರೆಯವರಿಗೆ ವಹಿಸಿ’ ಎಂದು ಅಪರಿಚಿತ ಹೆಸರುಗಳಿಂದ ಒತ್ತಡ ಬಂತು. ಸಹಾಯಕ್ಕೆ ಬಂದ ಒಬ್ಬನಿಗೆ ಕ್ರಮೇಣ ಕೀಲಿಕೈ ಸಿಕ್ಕಿತು. ಅವನು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟ. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಎಷ್ಟೋ ರಾತ್ರಿ ಕೂತು ಸರಿಮಾಡಿದ್ದೇನೆ ಎಂದು ಬರೆದಿದ್ದೀರಿ. ಸುಸ್ತಾದ ಹೊತ್ತಿನಲ್ಲಿ, ಒತ್ತಡ ಹಾಕುವವರ ಕಡೆಯವರಿಗೆ ಬಿಡುಗಡೆಯ ಹಕ್ಕು ಕೊಟ್ಟುಬಿಡಬೇಡಿ.

ಮೊದಲು ನಿಮ್ಮ ಮನೆಯ ಕಾಗದಪತ್ರ

ಕಂಪನಿಗೆ ಒಂದಕ್ಷರ ಬರೆಯುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಮೊದಲನೆಯದರಲ್ಲೇ ಬಹಳ ಜನ ಎಡವುತ್ತಾರೆ.

ನೀವು ಇನ್ನೊಂದು ಕಂಪನಿಯ ನೌಕರರು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದದ್ದರ ಮೊದಲ ಒಡೆಯರು ಉದ್ಯೋಗದಾತರು ಎಂದು 17ನೇ ಕಲಂ ಹೇಳುತ್ತದೆ. ಬಿಡುವಿನಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ, ಕಚೇರಿಗೆ ಸಂಬಂಧವಿಲ್ಲದ್ದನ್ನು ಬರೆದಿದ್ದರೆ ಅದು ನಿಮ್ಮದು. ಆದರೆ ನೇಮಕಾತಿ ಒಪ್ಪಂದ ಇನ್ನೂ ಅಗಲವಾಗಿ ಬರೆದಿರಬಹುದು, ‘ಉದ್ಯೋಗದ ಅವಧಿಯಲ್ಲಿ ರಚಿಸಿದ್ದೆಲ್ಲ ಕಂಪನಿಯದು’ ಎಂಬ ಸಾಲು ಅಪರೂಪವಲ್ಲ. ಹೊರಗಿನ ಸಂಪಾದನೆ ಕೂಡದು ಎಂಬ ಸಾಲೂ ಇರುತ್ತದೆ. ಪುಕ್ಕಟೆಯಾಗಿ ಕೋಡ್ ಹಂಚಿದಾಗ ಸುಮ್ಮನಿದ್ದ ಎಚ್‌ಆರ್, ಬಿಲ್ ಬರೆದ ದಿನ ಎಚ್ಚೆತ್ತುಕೊಳ್ಳುತ್ತದೆ. ಲೈಬ್ರರಿಯ ಹೆಸರು, ವಾರಕ್ಕೆ ಎಷ್ಟು ಗಂಟೆ, ಕಚೇರಿಯ ವೇಳೆಯಲ್ಲಿ ಅಲ್ಲ ಎಂದು ಸ್ಪಷ್ಟವಾಗಿ ಬರೆದು ಇಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ.

ಎರಡನೆಯದು ಬೇರೆಯವರ ಕೊಡುಗೆ. ಕಮಿಟ್ ಇತಿಹಾಸ (ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ) ತೆರೆದು ಯಾರ ಕೋಡ್ ಎಲ್ಲಿದೆ ಎಂದು ಪಟ್ಟಿ ಮಾಡಿ. ಫಾಂಟುಗಳ ಅಕ್ಷರ ಕೋಷ್ಟಕವನ್ನು (ಯಾವ ಸಂಕೇತ ಯಾವ ಕನ್ನಡ ಅಕ್ಷರ ಎಂಬ ಪಟ್ಟಿ) ನೀವೇ ಕೂತು ಮಾಡಿದಿರೋ, ಬೇರೆ ತಂತ್ರಾಂಶದಿಂದ ತಂದಿರೋ ಎಂಬುದನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಜಿಪಿಎಲ್ ಇರುವ ಕಡೆಯಿಂದ ಕೋಷ್ಟಕ ಎತ್ತಿ ಎಂಐಟಿ ಎಂದು ಹಾಕಿದ್ದರೆ, ಹಣ ಕೇಳುವ ಮೊದಲು ಅದನ್ನು ಸರಿಪಡಿಸಿ.

ಮೂರನೆಯದು, ಕಂಪನಿ ಆ ಒಂದೇ ಷರತ್ತನ್ನಾದರೂ ಪಾಲಿಸಿದೆಯೇ? ಅವರ ತಂತ್ರಾಂಶದ ‘ಅಬೌಟ್’ ಕಿಟಕಿ, ಇನ್‌ಸ್ಟಾಲ್ ಆದ ಫೋಲ್ಡರ್, ಕೈಪಿಡಿಯ ಕೊನೆ ಪುಟ ನೋಡಿ. ನಿಮ್ಮ ಕಾಪಿರೈಟ್ ಸಾಲೂ ಲೈಸೆನ್ಸ್ ಪಠ್ಯವೂ ಎಲ್ಲೂ ಇಲ್ಲದಿದ್ದರೆ ಅದು ನಿಜವಾದ ಉಲ್ಲಂಘನೆ. ತಂತ್ರಾಂಶ ಅವರ ಸರ್ವರ್‌ನಲ್ಲಷ್ಟೇ ಓಡಿ, ಗ್ರಾಹಕರು ಬ್ರೌಸರ್‌ನಲ್ಲಿ ಬಳಸುತ್ತಿದ್ದರೆ ಪ್ರತಿ ಯಾರ ಕೈಗೂ ಹೋಗಿಲ್ಲ, ಆಗ ಈ ಆಕ್ಷೇಪ ನಿಲ್ಲುವುದಿಲ್ಲ. ಉಲ್ಲಂಘನೆ ಸಿಕ್ಕಿದರೆ ಅದನ್ನು ಹಣದ ಪತ್ರದೊಳಗೆ ಬೆರೆಸಬೇಡಿ. ‘ಮುಂದಿನ ಬಿಡುಗಡೆಯಲ್ಲಿ ಸೇರಿಸಿ’ ಎಂದು ಪ್ರತ್ಯೇಕವಾಗಿ, ಸೌಜನ್ಯದಿಂದ ಬರೆಯಿರಿ. ಎರಡನ್ನೂ ಬೆರೆಸಿದರೆ ಬೆದರಿಕೆಯಂತೆ ಕಾಣುತ್ತದೆ, ಪತ್ರ ಎಂಜಿನಿಯರಿಂಗ್ ವಿಭಾಗದಿಂದ ವಕೀಲರ ಮೇಜಿಗೆ ಹೋಗುತ್ತದೆ, ಅಲ್ಲಿಂದ ವಾಪಸ್ ಬರಲು ತಿಂಗಳುಗಳು ಬೇಕು.

ನನ್ನ ಸಲಹೆ: ನಿರ್ವಹಣೆಯ ಒಪ್ಪಂದ

ನಿಮ್ಮ ಬಲ ಎಲ್ಲಿದೆ ಎಂದು ಮೊದಲು ಅರಿತುಕೊಳ್ಳಿ. ಕೋಡ್ ಅವರ ಬಳಿಯೂ ಇದೆ. ಆದರೆ ಆಸ್ಕಿ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟಿನಲ್ಲಿ ಯಕಾರದ ನಂತರ ಅರ್ಕಾವತ್ತು ಬರುತ್ತದೆ, ಅದನ್ನು ಎತ್ತಿ ಯಕಾರಕ್ಕಿಂತ ಮೊದಲು ರಕಾರ ಮತ್ತು ವಿರಾಮವಾಗಿ (ಹಲಂತ ಚಿಹ್ನೆ) ಇಡಬೇಕು. ಅರ್ಕಾವತ್ತಿನ ಜೊತೆ ಒತ್ತೂ ದೀರ್ಘವೂ ಬಂದರೆ ಎಷ್ಟು ಅಕ್ಷರ ಹಿಂದಕ್ಕೆ ಹೋಗಬೇಕು ಎಂಬ ಲೆಕ್ಕ ತಪ್ಪುತ್ತದೆ. ಫಾಂಟಿನಿಂದ ಫಾಂಟಿಗೆ ಕೋಷ್ಟಕ ಬೇರೆ. ನಡುವೆ ಇಂಗ್ಲಿಷ್ ಪದ ಬಂದರೆ ಅದೂ ಕನ್ನಡವಾಗಿ ಕಲಸಿಹೋಗುತ್ತದೆ. ಇದೆಲ್ಲ ಗೊತ್ತಿರುವ ಎಂಜಿನಿಯರ್‌ನನ್ನು ಅವರು ಹೊಸದಾಗಿ ತಯಾರು ಮಾಡಲು ತಿಂಗಳುಗಳು ಬೇಕು. ಅವರು ಕೊಳ್ಳಬೇಕಾದದ್ದು ಈ ತಿಳಿವಳಿಕೆಯನ್ನು.

ಬೆಲೆ ಕಟ್ಟುವುದು ಹೀಗೆ. ನಿಮ್ಮ ವಾರ್ಷಿಕ ಸಂಬಳವನ್ನು 1,800 ಗಂಟೆಯಿಂದ ಭಾಗಿಸಿ, ಎರಡರಿಂದ ಗುಣಿಸಿ. ಎರಡು ಪಟ್ಟು ಯಾಕೆಂದರೆ ಈ ಹಣದಲ್ಲಿ ಪಿಎಫ್ ಇಲ್ಲ, ರಜೆ ಇಲ್ಲ, ಕೆಲಸವಿಲ್ಲದ ತಿಂಗಳಿನ ಭದ್ರತೆ ಇಲ್ಲ. ಸಂಬಳ 12 ಲಕ್ಷ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 1,330 ರೂಪಾಯಿ, ಅದನ್ನು 1,500ಕ್ಕೆ ಏರಿಸಿ. ವಾರಕ್ಕೆರಡು ದೋಷ ವರದಿ ಎಂದರೆ ವರ್ಷಕ್ಕೆ ನೂರು. ಒಂದಕ್ಕೆ ಎರಡು ಗಂಟೆಯಂತೆ 200 ಗಂಟೆ. ಹೊಸ ಪೈಥಾನ್ ಆವೃತ್ತಿಗೆ ಹೊಂದಿಸುವುದು, ಪರೀಕ್ಷೆ, ಬಿಡುಗಡೆಗೆ 40 ಗಂಟೆ. ಒಟ್ಟು 240 ಗಂಟೆ, ವರ್ಷಕ್ಕೆ 3,60,000 ರೂಪಾಯಿ, ಅಂದರೆ ತಿಂಗಳಿಗೆ 20 ಗಂಟೆ, 30,000 ರೂಪಾಯಿ. ಈ ಲೆಕ್ಕವನ್ನು ಅವರಿಗೂ ತೋರಿಸಿ. ಕಳೆದ 12 ತಿಂಗಳಲ್ಲಿ ಅವರ ಎಂಜಿನಿಯರ್‌ಗಳು ಹಾಕಿದ ವರದಿಗಳ ಪಟ್ಟಿ, ಪ್ರತಿಯೊಂದಕ್ಕೂ ಹಿಡಿದ ಸಮಯ, ಸರಿಪಡಿಸಿದ ದಿನಾಂಕ ಲಗತ್ತಿಸಿ. ‘ನನಗೆ ನ್ಯಾಯ ಬೇಕು’ ಎಂಬ ಹತ್ತು ಸಾಲಿಗಿಂತ ಈ ಕೋಷ್ಟಕ ಹೆಚ್ಚು ಕೆಲಸ ಮಾಡುತ್ತದೆ.

ಒಪ್ಪಂದ ಎರಡು ಪುಟ ಇದ್ದರೆ ಸಾಕು, ಆದರೆ ಕೆಲವು ಸಾಲು ಬಿಟ್ಟುಹೋದರೆ ಆಮೇಲೆ ಕಷ್ಟ. ಉತ್ತರಿಸುವ ಗಡುವು ಬೇರೆ, ಸರಿಪಡಿಸುವ ಗಡುವು ಬೇರೆ ಎಂದು ಬರೆಯಿರಿ. ‘ಎರಡು ಕೆಲಸದ ದಿನದೊಳಗೆ ಉತ್ತರ’ ಎಂದು ಒಪ್ಪಬಹುದು, ‘ಎರಡು ದಿನದೊಳಗೆ ಪರಿಹಾರ’ ಎಂದು ಒಪ್ಪಿದರೆ ನೀವು ಸಿಕ್ಕಿಕೊಂಡಿರಿ. ತಿದ್ದುಪಡಿಯೆಲ್ಲ ಎಂಐಟಿಯಲ್ಲೇ ಮೂಲ ಭಂಡಾರಕ್ಕೆ (ನಿಮ್ಮ ಕೋಡ್ ಇಟ್ಟಿರುವ ಸಾರ್ವಜನಿಕ ತಾಣ) ಸೇರುತ್ತದೆ, ಕಾಪಿರೈಟ್ ನಿಮ್ಮಲ್ಲೇ ಉಳಿಯುತ್ತದೆ ಎಂದು ಹಾಕಿ. ಕಂಪನಿಯ ಅಚ್ಚಾದ ಕರಡಿನಲ್ಲಿ ‘ಮಾಡಿದ ಕೆಲಸದ ಎಲ್ಲ ಹಕ್ಕೂ ನಮ್ಮದು’ ಎಂಬ ಕಲಂ ಇದ್ದೇ ಇರುತ್ತದೆ, ಅದನ್ನು ತೆಗೆಸದೆ ಸಹಿ ಹಾಕಬೇಡಿ. ನಷ್ಟದ ಹೊಣೆ ಆ ವರ್ಷ ಪಡೆದ ಶುಲ್ಕವನ್ನು ಮೀರಬಾರದು. ಹಣ ಮೂರು ತಿಂಗಳಿಗೊಮ್ಮೆ ಮುಂಗಡ. 30 ದಿನದ ನೋಟಿಸ್ ಕೊಟ್ಟು ಎರಡೂ ಕಡೆಯವರು ಬಿಡಬಹುದು. ಇನ್ನೊಂದು ಮಾತು: ದೋಷ ತೋರಿಸಲು ಅವರು ಗ್ರಾಹಕರ ಕಡತ ಕಳಿಸುತ್ತಾರೆ, ಅದು ಪ್ರಕಾಶಕರೊಬ್ಬರ ಅಚ್ಚಾಗದ ಹಸ್ತಪ್ರತಿ ಇರಬಹುದು. ಅದನ್ನು ಪರೀಕ್ಷಾ ಮಾದರಿ ಎಂದು ಸಾರ್ವಜನಿಕ ಭಂಡಾರಕ್ಕೆ ಹಾಕಿಬಿಟ್ಟರೆ ನೀವೇ ತಪ್ಪಿತಸ್ಥರು. ದೋಷ ಬರುವ ಪದಗಳನ್ನಷ್ಟೇ ಎತ್ತಿ ಸ್ವಂತ ವಾಕ್ಯ ಮಾಡಿ ಹಾಕಿ.

ಇದರ ಅಪಾಯವನ್ನೂ ಹೇಳಬೇಕು. ಹಣ ತೆಗೆದುಕೊಂಡ ಮೇಲೆ ಇದು ಹವ್ಯಾಸವಾಗಿ ಉಳಿಯುವುದಿಲ್ಲ, ಹಬ್ಬದ ದಿನವೂ ಉತ್ತರಿಸಬೇಕಾಗಬಹುದು. ಒಬ್ಬನೇ ಗ್ರಾಹಕ ಇದ್ದರೆ ಲೈಬ್ರರಿ ಅವರು ಎಳೆದತ್ತ ವಾಲುತ್ತದೆ. ಅವರು ‘ಬೇಡ’ ಎನ್ನಲೂಬಹುದು. ಆಗ ನಿಮಗೆ ಮಾಡಲು ಒಂದೇ ಕೆಲಸ ಇದೆ, ಮಾಡಲು ಕಷ್ಟವಾದದ್ದೂ ಅದೇ: ಅವರ ವರದಿಗಳನ್ನು ಉಳಿದವರ ವರದಿಗಳ ಸಾಲಿನಲ್ಲೇ ಇಟ್ಟು, ಬಿಡುವಾದಾಗ ನೋಡುವುದು. ‘ಸ್ವಯಂಸೇವೆಯ ಯೋಜನೆ, ವಾರಕ್ಕೆ ಎರಡು ಗಂಟೆ ಮೀಸಲು, ಗಡುವಿನ ಸೇವೆಗೆ ಸಂಪರ್ಕಿಸಿ’ ಎಂದು ಲೈಬ್ರರಿಯ ಪರಿಚಯ ಕಡತದ (ರೀಡ್‌ಮಿ) ಮೊದಲ ಸಾಲಿನಲ್ಲೇ ಬರೆಯಿರಿ. ನೀವು ರಾತ್ರಿ ಕೂತು ಪುಕ್ಕಟೆ ಮಾಡಿಕೊಡುವವರೆಗೆ ಅವರು ಹಣ ಕೊಟ್ಟು ಕೊಳ್ಳಬೇಕಾದದ್ದು ಏನೂ ಇರುವುದಿಲ್ಲ.

ತೆರಿಗೆಯ ಮಾತು ಚುಟುಕಾಗಿ: ವೃತ್ತಿಪರ ಶುಲ್ಕ ಎಂದು ಪರಿಗಣಿಸಿದರೆ ಕಂಪನಿ ಸಾಮಾನ್ಯವಾಗಿ ಶೇ 10, ತಾಂತ್ರಿಕ ಸೇವೆ ಎಂದಾದರೆ ಶೇ 2 ಟಿಡಿಎಸ್ ಹಿಡಿಯುತ್ತದೆ. ಸೇವೆಗಳಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಬಿಲ್ ಬರೆಯುವ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ.

ಲೈಸೆನ್ಸ್ ಬದಲಿಸಿದರೆ?

ಈಗಾಗಲೇ ಎಂಐಟಿಯಲ್ಲಿ ಹೋದ ಆವೃತ್ತಿಗಳು ಹೋದವೇ. ಹಿಂದಕ್ಕೆ ಪಡೆಯುವ ದಾರಿ ಇಲ್ಲ. ಮುಂದಿನ ಆವೃತ್ತಿಗೆ ಮಾತ್ರ ಬದಲಿಸಬಹುದು.

ಪ್ರಾಮಾಣಿಕವಾದ ದಾರಿ ಎಂದರೆ ಜೋಡಿ ಲೈಸೆನ್ಸ್. ಹೊಸ ಆವೃತ್ತಿಯನ್ನು ಜಿಪಿಎಲ್ ಅಥವಾ ಎಜಿಪಿಎಲ್ (ತಿದ್ದಿ ಸರ್ವರ್‌ನಲ್ಲಿ ಓಡಿಸುವವರಿಗೂ ಅದೇ ಷರತ್ತು ಹಾಕುವ ಅದರ ಬಿಗಿ ರೂಪ) ಅಡಿ ಬಿಡುಗಡೆ ಮಾಡುವುದು, ಅದನ್ನು ತಮ್ಮ ಮುಚ್ಚಿದ ತಂತ್ರಾಂಶದಲ್ಲಿ ಸೇರಿಸಿ ಮಾರುವವರು ನಿಮ್ಮಿಂದ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕು ಎನ್ನುವುದು. ಕ್ಯೂಟಿ, ಮೈಎಸ್‌ಕ್ಯುಎಲ್, ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶಗಳು ನಡೆದದ್ದು ಹೀಗೆಯೇ. ಪಿಡಿಎಫ್ ಕಡತಗಳನ್ನು ಸಂಸ್ಕರಿಸುವ ಘೋಸ್ಟ್‌ಸ್ಕ್ರಿಪ್ಟ್‌ನ ಕಥೆ ನಿಮ್ಮದಕ್ಕೆ ಹತ್ತಿರ: ಕೊರಿಯನ್ ಭಾಷೆಯ ಪದಸಂಸ್ಕಾರಕ ಮಾರುವ ಹ್ಯಾನ್‌ಕಾಮ್ ಕಂಪನಿ ಅದನ್ನು ಸೇರಿಸಿಕೊಂಡು, ಜಿಪಿಎಲ್ ಪಾಲಿಸದೆ, ವಾಣಿಜ್ಯ ಲೈಸೆನ್ಸನ್ನೂ ಕೊಳ್ಳದೆ ಇದ್ದಾಗ ಅದರ ಒಡೆತನದ ಆರ್ಟಿಫೆಕ್ಸ್ ಸಂಸ್ಥೆ ಅಮೆರಿಕದಲ್ಲಿ ದಾವೆ ಹೂಡಿತು. ದಾವೆಯನ್ನು ವಜಾ ಮಾಡಲು 2017ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಒಪ್ಪಲಿಲ್ಲ, ಕೊನೆಗೆ ರಾಜಿಯಾಯಿತು. ಗಮನಿಸಿ, ಇಲ್ಲಿ ಬೆಲೆ ವಾಣಿಜ್ಯ ಬಳಕೆಗಲ್ಲ. ಮೂಲ ಕೋಡನ್ನು ಮುಚ್ಚಿಡುವ ಅವಕಾಶಕ್ಕೆ. ತಮ್ಮದನ್ನೂ ತೆರೆದಿಡುವ ವ್ಯಾಪಾರಿ ಏನೂ ಕೊಡಬೇಕಿಲ್ಲ.

ಈವರೆಗಿನ ಕೊಡುಗೆಗಳು ಎಂಐಟಿಯಲ್ಲಿ ಬಂದಿದ್ದರೆ ಅವರ ಕಾಪಿರೈಟ್ ಸಾಲು ಉಳಿಸಿಕೊಂಡು ನೀವು ಇದನ್ನು ಮಾಡಬಹುದು, ಪ್ರತಿಯೊಬ್ಬರ ಸಹಿ ಬೇಕಿಲ್ಲ. ಆದರೂ ಮುಂಚೆಯೇ ತಿಳಿಸುವುದು ಮರ್ಯಾದೆ. ಬದಲಾದ ಮೇಲೆ ಬರುವ ಕೊಡುಗೆಗಳಿಗೆ ಲಿಖಿತ ಒಪ್ಪಂದ ಬೇಕೇಬೇಕು, ಇಲ್ಲವಾದರೆ ಅವು ಜಿಪಿಎಲ್ ಅಡಿಯಷ್ಟೇ ಬರುತ್ತವೆ, ನೀವು ಅವನ್ನು ಮಾರುವಂತಿಲ್ಲ. ಭಾರತದ ಕಾಯ್ದೆಯಲ್ಲಿ ಅವಧಿ ಬರೆಯದಿದ್ದರೆ ಹಕ್ಕು ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಕಲಂ ಹೇಳುತ್ತದೆ. ಎರಡನ್ನೂ ಸ್ಪಷ್ಟವಾಗಿ ಬರೆಸಿ.

ಅಪಾಯ ಏನೆಂದರೆ, ಕಂಪನಿ ಹಳೆಯ ಎಂಐಟಿ ಆವೃತ್ತಿಯಲ್ಲೇ ಉಳಿದುಬಿಡಬಹುದು, ಅಥವಾ ಅದನ್ನೇ ಕವಲೊಡೆಸಿ (ಪ್ರತಿ ತೆಗೆದು ಬೇರೆಯಾಗಿ ಬೆಳೆಸಿ) ತಾನೇ ನಡೆಸಬಹುದು. ದೊಡ್ಡವರಿಗೇ ಹೀಗಾಗಿದೆ. ಹುಡುಕು ತಂತ್ರಾಂಶದ ಎಲಾಸ್ಟಿಕ್ ಕಂಪನಿ 2021ರಲ್ಲಿ ಲೈಸೆನ್ಸ್ ಬಿಗಿ ಮಾಡಿದಾಗ ಅಮೆಜಾನ್ ಓಪನ್‌ಸರ್ಚ್ ಎಂಬ ಕವಲು ತೆಗೆಯಿತು. 2023ರಲ್ಲಿ ಹಾಶಿಕಾರ್ಪ್ ಕಂಪನಿ ಲೈಸೆನ್ಸ್ ಬದಲಿಸಿದಾಗ ಓಪನ್‌ಟೋಫು, 2024ರಲ್ಲಿ ರೆಡಿಸ್ ಬದಲಿಸಿದಾಗ ವಾಲ್ಕಿ ಎಂಬ ಕವಲುಗಳು ಹುಟ್ಟಿದವು. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಕೊಟ್ಟು ಮತ್ತೆ ಮುಕ್ತ ಬಾಗಿಲಿಗೆ ಬಂದವು. ನಿಮ್ಮ ಲೈಬ್ರರಿಯನ್ನು ನೆಚ್ಚಿಕೊಂಡ ಸಣ್ಣ ಕನ್ನಡ ಯೋಜನೆಗಳಿಗೂ ಜಿಪಿಎಲ್ ಷರತ್ತು ತಟ್ಟುತ್ತದೆ ಎಂಬುದನ್ನು ಮರೆಯಬೇಡಿ. ಆಯ್ಕೆ ಮಾಡಿದರೆ ಕಾಟ ಕೊಡುವ ಒಬ್ಬ ಗ್ರಾಹಕನನ್ನು ಮಾತ್ರ ನೋಡಿ ಮಾಡಬೇಡಿ.

‘ವಾಣಿಜ್ಯ ಬಳಕೆ ನಿಷಿದ್ಧ’ ಎಂಬ ಸಲಹೆಯನ್ನು ಮಾತ್ರ ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಹಾಗೆ ಬರೆದ ದಿನ ಅದು ಮುಕ್ತ ತಂತ್ರಾಂಶವಾಗಿ ಉಳಿಯುವುದಿಲ್ಲ, ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳ ಮುಖ್ಯ ಭಂಡಾರಕ್ಕೆ ಸೇರುವುದಿಲ್ಲ. ವಾಣಿಜ್ಯ ಬಳಕೆಗಿಲ್ಲ ಎಂಬ ಬಗೆಯೂ ಇರುವ ತಮ್ಮ ಲೈಸೆನ್ಸುಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಹೇಳುತ್ತದೆ. ಅದಕ್ಕಿಂತ ದೊಡ್ಡ ತೊಡಕು, ವಾಣಿಜ್ಯ ಎಂದರೆ ಯಾವುದು? ಜಾಹೀರಾತು ಹಾಕುವ ತಾಲ್ಲೂಕು ವಾರಪತ್ರಿಕೆಯೇ? ಮಠದ ಟ್ರಸ್ಟ್ ನಡೆಸುತ್ತ ಪುಸ್ತಕ ಮಾರುವ ಪ್ರಕಾಶನವೇ? ಪುಟಕ್ಕೆ ಇಪ್ಪತ್ತು ರೂಪಾಯಿಗೆ ಡಿಟಿಪಿ ಮಾಡುವ ಹೆಣ್ಣುಮಗಳೇ? ಹಳೆಯ ಆಸ್ಕಿ ಕಡತಗಳನ್ನು ಉಳಿಸಿಕೊಳ್ಳಲು ನಿಮ್ಮ ಲೈಬ್ರರಿ ಬೇಕಾಗಿರುವುದೇ ಇವರಿಗೆಲ್ಲ. ಪ್ರಾಮಾಣಿಕರು ಹೆದರಿ ಬಿಡುತ್ತಾರೆ, ಹೆದರದವರು ಬಳಸುತ್ತಲೇ ಇರುತ್ತಾರೆ.

ಬಳಕೆಗೇ ರಾಯಧನ ಎಂಬ ಯೋಚನೆಯಲ್ಲಿ ಇನ್ನೊಂದು ಬಿರುಕಿದೆ. ನಿಮ್ಮ ಲೈಬ್ರರಿ ಪೈಥಾನ್ ಮೇಲೆ ನಿಂತಿದೆ, ಪೈಥಾನ್ ನೂರಾರು ಜನರ ಕೋಡ್ ಮೇಲೆ, ಅದು ಲಿನಕ್ಸ್ ಮೇಲೆ. ನೀವು ಕೇಳಿದ ಹಾಗೆ ಪ್ರತಿ ಮೆಟ್ಟಿಲೂ ಕೇಳಿದರೆ ಲೆಕ್ಕ ಇಡುವ ಖರ್ಚೇ ಹೆಚ್ಚಾಗಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನೀವೂ ಶುರುವಿನಲ್ಲೇ ನಿಲ್ಲಬೇಕಾಗುತ್ತಿತ್ತು.

ದೇಣಿಗೆ, ಅನುದಾನ

ಪ್ರಾಯೋಜಕರ ಗುಂಡಿ ಇಡಿ, ನಷ್ಟವಿಲ್ಲ, ಆದರೆ ಅದನ್ನೇ ನೆಚ್ಚಬೇಡಿ. ಓಪನ್‌ಎಸ್‌ಎಸ್‌ಎಲ್‌ಗೆ ಬಂದ 2,000 ಡಾಲರ್ ನೆನಪಿರಲಿ. ಅನುದಾನಗಳು ಇದಕ್ಕಿಂತ ಗಟ್ಟಿ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗಾಗಿ ಫ್ಲಾಸ್ ಫಂಡ್ ಆರಂಭಿಸಿ ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟಿತು. ಒಂದು ಯೋಜನೆಗೆ 10,000ದಿಂದ 1,00,000 ಡಾಲರ್. ಅರ್ಜಿಗೆ ಯೋಜನೆಯ ವಿವರ, ಬೇಕಾದ ಹಣ, ಹಣ ತಲುಪುವ ದಾರಿ ಬರೆದ ‘ಫಂಡಿಂಗ್ ಡಾಟ್ ಜೇಸನ್’ ಎಂಬ ಕಡತವನ್ನು ನಿಮ್ಮ ಭಂಡಾರದಲ್ಲಿ ಇಡಬೇಕು. ಹಲವರು ಬಳಸುವ, ಬೇರೆ ಯೋಜನೆಗಳು ನೆಚ್ಚಿರುವ ತಂತ್ರಾಂಶಕ್ಕೆ ಆದ್ಯತೆ, ಹಾಗಾಗಿ ಯಾರು ಯಾರು ನಿಮ್ಮ ಲೈಬ್ರರಿ ಬಳಸುತ್ತಿದ್ದಾರೆ ಎಂಬ ಪಟ್ಟಿ ಈಗಿನಿಂದಲೇ ಇಟ್ಟುಕೊಳ್ಳಿ. ವಿದೇಶದಿಂದ ಹಣ ಬರುವುದಿದ್ದರೆ ದೇಣಿಗೆ ಎನ್ನುವುದಕ್ಕಿಂತ ಸೇವೆಗೆ ಬಿಲ್ ಎಂಬ ದಾರಿ ಸುರಕ್ಷಿತ, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಪ್ರಶ್ನೆ ಎದ್ದೀತು.

ಅಳಿಸುವ ಮಾತು

2016ರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ತುಣುಕನ್ನು ಅದರ ಕರ್ತೃ ಅಳಿಸಿದಾಗ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳು ಗಂಟೆಗಟ್ಟಲೆ ಕೆಟ್ಟು ನಿಂತವು. 2022ರ ಜನವರಿಯಲ್ಲಿ ‘ಕಲರ್ಸ್’ ಎಂಬ ಲೈಬ್ರರಿಯ ಕರ್ತೃ ಬೇಕೆಂದೇ ಅದರಲ್ಲಿ ಮುಗಿಯದ ಸುತ್ತು (ಪ್ರೋಗ್ರಾಂ ನಿಲ್ಲದೆ ಓಡುತ್ತಲೇ ಇರುವಂಥ ಕೋಡ್) ಹಾಕಿದರು. ಅವರ ನೋವು ನಿಜವಿತ್ತು, ಆದರೆ ಬಳಸುತ್ತಿದ್ದವರು ಹಳೆಯ ಆವೃತ್ತಿಗೆ ಮರಳಿದರು. ನಿಮ್ಮ ವಿಷಯದಲ್ಲೂ ಕಂಪನಿಯ ಬಳಿ ಪ್ರತಿ ಇದೆ, ಅಳಿಸಿದರೆ ಕಳೆದುಕೊಳ್ಳುವವರು ಉಳಿದವರು. ಬೇಕೆಂದೇ ಕೆಡಿಸುವ ಕೋಡ್ ಹಾಕಿದರೆ 2000ನೇ ಇಸವಿಯ ಐಟಿ ಕಾಯ್ದೆಯ 43 ಮತ್ತು 66ನೇ ಕಲಮುಗಳನ್ನು ನಿಮ್ಮ ಮೇಲೆ ಎಳೆದುಕೊಂಡ ಹಾಗೆ. ನಿಜವಾಗಿಯೂ ಸಾಕೆನಿಸಿದರೆ ಭಂಡಾರವನ್ನು ‘ಆರ್ಕೈವ್’ ಮಾಡಿ (ಓದಲಷ್ಟೇ ಬರುವಂತೆ ಇಟ್ಟು), ‘ಇನ್ನು ನಿರ್ವಹಣೆ ಇಲ್ಲ’ ಎಂದು ದಿನಾಂಕ ಹಾಕಿ ಬರೆದು ನಿಲ್ಲಿಸಿ. ಅದಕ್ಕೆ ನಿಮಗೆ ಪೂರ್ತಿ ಹಕ್ಕಿದೆ, ಯಾರಿಗೂ ಕಾರಣ ಕೊಡಬೇಕಿಲ್ಲ.

ಈ ವಾರ ಮಾಡಬೇಕಾದದ್ದು ಇಷ್ಟು: ನೇಮಕಾತಿ ಒಪ್ಪಂದ ತೆಗೆದು ಓದಿ, ಒಪ್ಪಿಗೆಯ ಇಮೇಲ್ ಕಳಿಸಿ. ಅದು ಬಂದ ಮೇಲೆ ಗಂಟೆಗಳ ಕೋಷ್ಟಕ, ಒಂದು ಪುಟದ ಪ್ರಸ್ತಾವ ಸಿದ್ಧ ಮಾಡಿ. ಅದನ್ನು ದೋಷ ವರದಿ ಹಾಕುವ ಎಂಜಿನಿಯರ್‌ಗೆ ಕಳಿಸದೆ, ಆ ಉತ್ಪನ್ನದ ಹೊಣೆ ಹೊತ್ತ ಮ್ಯಾನೇಜರ್ ಹೆಸರು ಅವನಿಂದಲೇ ಕೇಳಿಕೊಂಡು ಅವರಿಗೆ ಕಳಿಸಿ, ಎಂಜಿನಿಯರ್‌ಗೆ ಪ್ರತಿ ಹಾಕಿ. ಎಷ್ಟೋ ಸಲ ಒಳಗಿನಿಂದ ನಿಮ್ಮ ಪರವಾಗಿ ಮಾತಾಡುವವನು ಅವನೇ. ಕಂಪನಿಗಳು ಮುಂದಿನ ವರ್ಷದ ಖರ್ಚಿನ ಪಟ್ಟಿಯನ್ನು ಮಾರ್ಚ್‌ಗೆ ಮುಂಚೆಯೇ ಮುಗಿಸುತ್ತವೆ, ನಿಮ್ಮ ಪ್ರಸ್ತಾವ ಜನವರಿಯೊಳಗೆ ಅವರ ಕೈಸೇರಲಿ.